ಪುನರ್ವಸುವಿನ ಜೋಡಿ: ಹ್ಯಾನೋವರ್‌ನಿಂದ ಬಂದ ಒಬ್ಬ ವಲಸಿಗನ ಬದುಕು

ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೂ ವಿಮಾನ ನಿಲ್ದಾಣದಿಂದ ಕೆಲವೇ ಮೈಲಿ ದೂರದಲ್ಲಿ ಸ್ಲೌ ಎಂಬ ಪಟ್ಟಣವಿದೆ. ಅದರ ಅಂಚಿನಲ್ಲಿ ನಾನು 22 ವರ್ಷಗಳಿಂದ ವಾಸಿಸುತ್ತಿದ್ದೇನೆ, ವೃತ್ತಿಯಿಂದ ವೈದ್ಯ. ರಾತ್ರಿ ಪಾಳಿಯೂ ಮೋಡವೂ ಇಲ್ಲದ ರಾತ್ರಿಗಳು ಇಲ್ಲಿ ವಿರಳ. ಅಂಥ ರಾತ್ರಿ ಒದಗಿದಾಗ ಮನೆಯ ಹಿತ್ತಲಿನಲ್ಲಿ ನಾಲ್ಕು ಇಂಚಿನ ಪುಟ್ಟ ದೂರದರ್ಶಕವನ್ನು ನಿಲ್ಲಿಸಿ ಜೋಡಿ ನಕ್ಷತ್ರಗಳನ್ನು ನೋಡುವುದು ನನ್ನ ಹವ್ಯಾಸ. ಪಟ್ಟಣದ ದೀಪಗಳ ಬೆಳಕಿನಲ್ಲಿ ಆಕಾಶಗಂಗೆ ಕಾಣುವುದಿಲ್ಲ, ನೀಹಾರಿಕೆಗಳು ಕಾಣುವುದಿಲ್ಲ. ಜೋಡಿ ನಕ್ಷತ್ರಗಳು ಮಾತ್ರ ಪಟ್ಟಣವಾಸಿಯನ್ನು ಕೈಬಿಡುವುದಿಲ್ಲ.

ಜೋಡಿ ನಕ್ಷತ್ರ ನಮ್ಮವರಿಗೆ ಅಪರಿಚಿತವಲ್ಲ. ಮದುವೆಯಲ್ಲಿ ಪುರೋಹಿತರು ತೋರಿಸುವ ಅರುಂಧತಿಯು ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದಲ್ಲಿರುವ ಮಂಕು ತಾರೆ. ದೂರದರ್ಶಕದಲ್ಲಿ ನೋಡಿದರೆ ಆ ವಸಿಷ್ಠನೇ ಎರಡಾಗಿ ಕಾಣುತ್ತಾನೆ. ಪುನರ್ವಸು ನಕ್ಷತ್ರದ ಎರಡು ತಾರೆಗಳಲ್ಲಿ ಒಂದಾದ ಕ್ಯಾಸ್ಟರ್ ಕೂಡ ಹಾಗೆಯೇ. ನೂರು ಪಟ್ಟು ದೊಡ್ಡದಾಗಿಸಿ ನೋಡಿದಾಗ ಅದು ಎರಡು ಬಿಳಿಯ ಬಿಂದುಗಳಾಗುತ್ತದೆ. ನಡುವೆ ಕೂದಲೆಳೆಯಷ್ಟು ಕತ್ತಲೆ. ಇಂಥ ಬಿಂದುಗಳು ಒಂದನ್ನೊಂದು ಸುತ್ತುತ್ತಿವೆಯೆಂದು ಅಳೆದು ತೋರಿಸಿದ ಮೊದಲಿಗ ವಿಲಿಯಂ ಹರ್ಷೆಲ್. ಆತ ಬಾಳಿದ್ದು ಇದೇ ಸ್ಲೌ ಪಟ್ಟಣದಲ್ಲಿ, ಮಣ್ಣಾದದ್ದೂ ಇಲ್ಲಿಯೇ. ಆತನ ಹೆಸರಿನ ಬೀದಿಯಲ್ಲಿ ವರ್ಷಗಟ್ಟಲೆ ಓಡಾಡಿದ ಮೇಲೆ ನನಗೆ ತಿಳಿದ ಸಂಗತಿಯೆಂದರೆ, ಆತನೂ ನನ್ನಂತೆ ಹೊರದೇಶದಿಂದ ಬಂದವನು.

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಇಂದಿನ ಜರ್ಮನಿಯಲ್ಲಿರುವ ಹ್ಯಾನೋವರ್‌ನಲ್ಲಿ. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ನುಡಿಸುತ್ತಿದ್ದನು; ನಮ್ಮ ನಾಗಸ್ವರಕ್ಕೆ ದೂರದ ಬಂಧುವೆನ್ನಬಹುದಾದ ಊದುವ ವಾದ್ಯ ಅದು. ಹತ್ತು ಮಕ್ಕಳು ಹುಟ್ಟಿ ಆರು ಉಳಿದ ಬಡ ಸಂಸಾರ. ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಂದೆಯ ವಾದ್ಯವೃಂದ ಸೇರಿದನು. 1757ರಲ್ಲಿ ಹ್ಯಾನೋವರ್ ಸೈನ್ಯ ಫ್ರೆಂಚರಿಗೆ ಸೋತು, ಊರು ಶತ್ರುವಿನ ಕೈಸೇರಿದಾಗ ತಂದೆ ಮಗನನ್ನು ಇಂಗ್ಲೆಂಡಿಗೆ ಕಳುಹಿಸಿದನು. ಆಗ ಹ್ಯಾನೋವರ್‌ಗೂ ಬ್ರಿಟನ್ನಿಗೂ ಒಬ್ಬನೇ ಅರಸ. ಆದರೂ ಭಾಷೆ ಬೇರೆ, ಜನ ಬೇರೆ. ಸೈನ್ಯದಿಂದ ವಿಧಿವತ್ತಾದ ಬಿಡುಗಡೆಯ ಪತ್ರ ಆತನಿಗೆ ದೊರೆತದ್ದು 1762ರಲ್ಲಿ. ಕಾಗದಪತ್ರಗಳ ಈ ಅನಿಶ್ಚಿತತೆ ಎಂಥದೆಂದು ವೀಸಾ ನವೀಕರಣಕ್ಕಾಗಿ ಕಾದು ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಲಂಡನ್ನಿನಲ್ಲಿ ಆತನ ಮೊದಲ ಉದ್ಯೋಗ ಸಂಗೀತದ ಹಾಳೆಗಳನ್ನು ನಕಲು ಮಾಡುವುದು. ಅನಂತರ ಉತ್ತರದ ಡರ್ಹಮ್, ಲೀಡ್ಸ್, ಹ್ಯಾಲಿಫ್ಯಾಕ್ಸ್ ಎಂದು ಊರೂರು ಅಲೆದು ವಾದ್ಯ ನುಡಿಸಿದನು, ಪಾಠ ಹೇಳಿದನು, ಸಿಂಫನಿಗಳನ್ನು ರಚಿಸಿದನು. ನೆಲೆ ದೊರೆತದ್ದು 1766ರ ಕೊನೆಯಲ್ಲಿ ಬಾತ್ ನಗರದಲ್ಲಿ, ಪ್ರಾರ್ಥನಾ ಮಂದಿರವೊಂದರ ಆರ್ಗನ್ ವಾದಕನಾಗಿ. ಇಂಗ್ಲೆಂಡಿಗೆ ಬಂದು ಆಗಲೇ ಒಂಬತ್ತು ವರ್ಷ ಕಳೆದಿತ್ತು. ಮರುವರ್ಷ ತಂದೆ ತೀರಿಕೊಂಡನು. ಮಗ ಅವನನ್ನು ಕಡೆಯದಾಗಿ ಕಂಡದ್ದು 1764ರಲ್ಲಿ, ಊರಿಗೆ ಹೋಗಿ ಬಂದ ಕೆಲವೇ ದಿನಗಳಲ್ಲಿ.

ಊರಿನಲ್ಲಿ ಉಳಿದವಳು ತಂಗಿ ಕ್ಯಾರೋಲಿನ್, ಅಣ್ಣನಿಗಿಂತ ಹನ್ನೊಂದು ವರ್ಷ ಕಿರಿಯಳು. ಹತ್ತನೆಯ ವಯಸ್ಸಿನಲ್ಲಿ ತಗುಲಿದ ಟೈಫಸ್ ಜ್ವರದಿಂದಾಗಿ ಆಕೆಯ ಎತ್ತರ ನಾಲ್ಕೂಕಾಲು ಅಡಿಗೇ ನಿಂತುಹೋಯಿತು. ಆಕೆಗೆ ವಿದ್ಯೆ ಬೇಕಿಲ್ಲ, ಮನೆಗೆಲಸ ಸಾಕೆಂಬುದು ತಾಯಿಯ ನಿಲುವಾಗಿತ್ತು. 1772ರಲ್ಲಿ ಹರ್ಷೆಲ್ ಊರಿಗೆ ಹೋಗಿ, ಆಕೆಯ ಬದಲು ಕೆಲಸದವಳನ್ನು ಇರಿಸಿಕೊಳ್ಳಲು ತಾಯಿಗೆ ಹಣದ ಏರ್ಪಾಡು ಮಾಡಿ, ತಂಗಿಯನ್ನು ಬಾತ್‌ಗೆ ಕರೆತಂದನು. ಆಕೆ ಗಾಯಕಿಯಾಗಿ ಬೆಳೆದಳು. ಬೇರೆ ನಗರದಿಂದ ಹಾಡಲು ಕರೆ ಬಂದಾಗ ಅಣ್ಣನ ನಿರ್ದೇಶನವಿಲ್ಲದೆ ಹಾಡಲಾರೆನೆಂದು ನಿರಾಕರಿಸಿದಳು.

ಅಣ್ಣನ ಮನಸ್ಸು ಅಷ್ಟರಲ್ಲಿ ಸಂಗೀತದಿಂದ ಆಕಾಶದ ಕಡೆಗೆ ಹೊರಳಿತ್ತು. 1773ರಲ್ಲಿ ಖಗೋಳಶಾಸ್ತ್ರದ ಪುಸ್ತಕವೊಂದನ್ನು ಕೊಂಡನು. ಒಳ್ಳೆಯ ದೂರದರ್ಶಕ ಕೊಳ್ಳುವ ಶಕ್ತಿಯಿಲ್ಲದೆ, ತಾಮ್ರ ಮತ್ತು ತವರದ ಮಿಶ್ರಲೋಹವನ್ನು ಎರಕ ಹೊಯ್ದು, ಕನ್ನಡಿಗಳನ್ನು ಸ್ವತಃ ಉಜ್ಜತೊಡಗಿದನು. ಹಗಲೆಲ್ಲ ಸಂಗೀತ ಪಾಠ, ರಾತ್ರಿಯೆಲ್ಲ ನಕ್ಷತ್ರ. ಒಮ್ಮೆ ಹದಿನಾರು ಗಂಟೆ ಕಾಲ ಕನ್ನಡಿಯಿಂದ ಕೈ ತೆಗೆಯದೆ ಉಜ್ಜಿದಾಗ ತಂಗಿಯೇ ತುತ್ತು ಮಾಡಿ ಬಾಯಿಗಿಟ್ಟಳು. ಎರಕದ ಅಚ್ಚಿಗಾಗಿ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವಳೂ ಆಕೆಯೇ.

ಜೋಡಿ ನಕ್ಷತ್ರಗಳನ್ನು ಹುಡುಕಲು ಹರ್ಷೆಲ್‌ಗೆ ಒಂದು ಕಾರಣವಿತ್ತು. ನಕ್ಷತ್ರಗಳ ದೂರವನ್ನು ಆವರೆಗೆ ಯಾರೂ ಅಳೆದಿರಲಿಲ್ಲ. ರೈಲಿನಿಂದ ನೋಡುವಾಗ ಹತ್ತಿರದ ಮರ ದೂರದ ಬೆಟ್ಟದ ಮುಂದೆ ಸರಿಯುವಂತೆ, ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ದೂರದ ನಕ್ಷತ್ರದ ಮುಂದೆ ತುಸು ಸರಿದಂತೆ ಕಾಣಬೇಕು. ಒಂದರ ಪಕ್ಕ ಒಂದಿರುವಂತೆ ತೋರುವ ಜೋಡಿಗಳು ಕೇವಲ ನೋಟದ ಆಕಸ್ಮಿಕಗಳು, ಒಂದು ಹತ್ತಿರ, ಇನ್ನೊಂದು ಬಹುದೂರ ಎಂದು ನಂಬಿ, ಆ ಸರಿತವನ್ನು ಅಳೆಯಲು ಹೊರಟನು.

1781ರ ಮಾರ್ಚ್ 13ರ ರಾತ್ರಿ, ಬಾತ್‌ನ ನ್ಯೂ ಕಿಂಗ್ ಬೀದಿಯ 19ನೆಯ ಸಂಖ್ಯೆಯ ಮನೆಯ ಹಿತ್ತಲಿನಲ್ಲಿ, ಆರು ಇಂಚಿಗೆ ಸ್ವಲ್ಪವೇ ಹೆಚ್ಚಿನ ಕನ್ನಡಿಯ ದೂರದರ್ಶಕದಿಂದ ಜೋಡಿಗಳನ್ನು ಅರಸುತ್ತಿದ್ದಾಗ, ಬಿಂದುವಿನಂತಲ್ಲದೆ ಪುಟ್ಟ ಬಿಲ್ಲೆಯಂತಿದ್ದ ಒಂದು ಆಕಾಶಕಾಯ ಕಣ್ಣಿಗೆ ಬಿದ್ದಿತು. ಧೂಮಕೇತುವೆಂದು ಆತ ಭಾವಿಸಿದನು. ಅದು ಯುರೇನಸ್ ಗ್ರಹ. ಸಂಗೀತದ ಮೇಷ್ಟ್ರು ಒಂದೇ ವರ್ಷದಲ್ಲಿ ಜಗತ್ಪ್ರಸಿದ್ಧನಾದನು. ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 200 ಪೌಂಡ್ ವೇತನ ಗೊತ್ತುಮಾಡಿದನು. ಸಂಗೀತದಿಂದ ಬರುತ್ತಿದ್ದ ಸಂಪಾದನೆಗಿಂತ ಅದು ಕಡಿಮೆ. ಆದರೂ ಒಪ್ಪಿಕೊಂಡು, ದೂರದರ್ಶಕಗಳನ್ನು ಮಾಡಿ ಮಾರಿ ಕೊರತೆ ತುಂಬಿಸಿಕೊಂಡನು. 1782ರಲ್ಲಿ ಡ್ಯಾಚೆಟ್ ಎಂಬ ಹಳ್ಳಿಗೆ, 1786ರಲ್ಲಿ ಸ್ಲೌಗೆ ಅಣ್ಣ ತಂಗಿಯರ ವಾಸ ಬದಲಾಯಿತು. ಕ್ಯಾರೋಲಿನ್‌ಳ ಗಾಯನ ಅಲ್ಲಿಗೆ ಮುಗಿಯಿತು.

ರಾತ್ರಿ ಅಣ್ಣ ದೂರದರ್ಶಕದ ಬಳಿಯಿಂದ ಕೂಗಿ ಹೇಳಿದ್ದನ್ನು ತಂಗಿ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಹಗಲು ಲೆಕ್ಕ ಮಾಡಿ ಶುದ್ಧಪ್ರತಿ ತೆಗೆಯುತ್ತಿದ್ದಳು. 1783ರ ಡಿಸೆಂಬರ್ 31ರ ರಾತ್ರಿ ಹಿಮದ ಮೇಲೆ ಓಡುವಾಗ ಜಾರಿ ಬಿದ್ದು, ಯಂತ್ರದ ಕಬ್ಬಿಣದ ಕೊಕ್ಕೆ ಆಕೆಯ ಮೊಣಕಾಲಿನ ಮೇಲ್ಭಾಗಕ್ಕೆ ಹೊಕ್ಕಿತು. ಬಿಡಿಸಿದಾಗ ಮಾಂಸ ಕೊಕ್ಕೆಯಲ್ಲಿಯೇ ಉಳಿಯಿತು. ಸೋಂಕು ತಡೆಯುವ ಔಷಧಿಯಿಲ್ಲದ ಆ ಕಾಲದಲ್ಲಿ ಅಂಥ ಗಾಯ ಪ್ರಾಣಕ್ಕೇ ಎರವಾಗಬಹುದಿತ್ತೆಂಬುದು ವೈದ್ಯನಾದ ನನಗೆ ಚೆನ್ನಾಗಿ ಗೊತ್ತು. ಆಕೆಗಿದ್ದ ಸಮಾಧಾನವೇ ಬೇರೆ: ಮುಂದೆ ಮೋಡ ಕವಿದದ್ದರಿಂದ ಅಣ್ಣನ ಕೆಲಸಕ್ಕೆ ನಷ್ಟವಾಗಲಿಲ್ಲ. 1787ರಲ್ಲಿ ಆಕೆಗೂ ವರ್ಷಕ್ಕೆ 50 ಪೌಂಡ್ ವೇತನ ಗೊತ್ತಾಯಿತು. ಆಕೆ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1788ರಲ್ಲಿ ಅಣ್ಣ ಮದುವೆಯಾದಾಗ ಬೇರೆ ಬಿಡಾರ ಹೂಡಿದಳು, ಕೆಲಸಕ್ಕೆ ಮಾತ್ರ ತಪ್ಪದೆ ಬಂದಳು. ಆ ಮುಂದಿನ ಹತ್ತು ವರ್ಷಗಳ ದಿನಚರಿಯನ್ನು ಆಕೆಯೇ ನಾಶಮಾಡಿದಳು.

ಹರ್ಷೆಲ್ 1782ರಲ್ಲಿ 269 ಜೋಡಿಗಳ ಪಟ್ಟಿಯನ್ನೂ ಅನಂತರ ಇನ್ನೂ 434 ಜೋಡಿಗಳ ಪಟ್ಟಿಯನ್ನೂ ಸಿದ್ಧಪಡಿಸಿದ್ದನು. ಸುಮಾರು 25 ವರ್ಷಗಳ ಬಳಿಕ ಮತ್ತೆ ಅಳೆದಾಗ, ಕ್ಯಾಸ್ಟರ್ ಮೊದಲಾದ ಹಲವು ಜೋಡಿಗಳು ಸ್ಥಾನ ಬದಲಿಸಿದ್ದವು. ಅದು ಭೂಮಿಯ ಚಲನೆಯಿಂದಾದ ತೋರಿಕೆಯಲ್ಲ, ಎರಡು ತಾರೆಗಳು ಪರಸ್ಪರ ಆಕರ್ಷಣೆಗೆ ಒಳಗಾಗಿ ನಿಜವಾಗಿಯೇ ಸುತ್ತುತ್ತಿವೆ ಎಂದು 1803ರಲ್ಲಿ ಸಾರಿದನು. ಇಂಥವಕ್ಕೆ ಯಮಳ ನಕ್ಷತ್ರಗಳೆಂದು ಹೆಸರು. ಹಾಗೆ ನೋಡಿದರೆ ಆತ ಹೊರಟ ಕಾರ್ಯ ವಿಫಲವಾಯಿತು. ನಕ್ಷತ್ರದ ದೂರವನ್ನು ಅಳೆದು ಪ್ರಕಟಿಸಿದವನು ಬೆಸೆಲ್, 1838ರಲ್ಲಿ. ಆದರೆ ಸೂರ್ಯಮಂಡಲದ ಆಚೆಗೂ ಗುರುತ್ವ ಆಳುತ್ತದೆಂಬ, ಆತ ಅರಸದೇ ಇದ್ದ ಸತ್ಯ ಕೈಗೆ ಬಂದಿತು.

1822ರ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ ಹರ್ಷೆಲ್ ಸ್ಲೌನಲ್ಲಿ ನಿಧನನಾದನು. ಸಮಾಧಿ ಇಲ್ಲಿನ ಅಪ್ಟನ್‌ನ ಸಂತ ಲಾರೆನ್ಸ್ ಚರ್ಚಿನಲ್ಲಿದೆ. ಕ್ಯಾರೋಲಿನ್ ಐವತ್ತು ವರ್ಷಗಳ ಬಳಿಕ ಹ್ಯಾನೋವರ್‌ಗೆ ಮರಳಿದಳು. ತಾನು ಬಿಟ್ಟುಹೋದ ಊರು ಅದಾಗಿರಲಿಲ್ಲ. ಮರಳಿ ಬಂದದ್ದಕ್ಕೆ ಆಕೆ ಪಶ್ಚಾತ್ತಾಪಪಟ್ಟಳು. ಅಲ್ಲಿಯೇ ಇನ್ನೂ 25 ವರ್ಷ ಬದುಕಿ, 1848ರಲ್ಲಿ, 97ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದಳು.

ವಿದೇಶಕ್ಕೆ ಬರಲು ಬಯಸುವ ಕಿರಿಯ ವೈದ್ಯರು ನನಗೆ ಪತ್ರ ಬರೆಯುತ್ತಾರೆ. ಪ್ಲ್ಯಾಬ್ ಪರೀಕ್ಷೆಯ ಸಿದ್ಧತೆ, ವೇತನ, ಮನೆ ಬಾಡಿಗೆ ಇವೆಲ್ಲವನ್ನೂ ಕೇಳುತ್ತಾರೆ. ಊರಿನಲ್ಲಿ ಯಾರು ಉಳಿಯುತ್ತಾರೆ ಎಂಬ ಪ್ರಶ್ನೆಯನ್ನು ನಾನೇ ಅವರಿಗೆ ಕೇಳಬೇಕಾಗುತ್ತದೆ. ನನ್ನ ವಿಷಯದಲ್ಲಿ ಉಳಿದವಳು ನನ್ನ ತಂಗಿ. ದೂರದ ಊರಿನ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ದೊರೆತಿದ್ದರೂ ಬಿಟ್ಟು, ಹಾಸನದಲ್ಲಿ ಅಪ್ಪನ ಪಾರ್ಶ್ವವಾಯುವಿನ ಏಳು ವರ್ಷಗಳನ್ನೂ ಅಮ್ಮನ ಮರೆವಿನ ಒಂಬತ್ತು ವರ್ಷಗಳನ್ನೂ ಆಕೆಯೇ ನೋಡಿಕೊಂಡಳು. ನಾನು ಫೋನಿನಲ್ಲಿ ಔಷಧಿಗಳ ಹೆಸರು ಹೇಳುತ್ತಿದ್ದೆ. ಬಂಧುಗಳ ನಡುವೆ ಮಾತು ಬಂದಾಗ ಲಂಡನ್ನಿನ ಡಾಕ್ಟರೆಂಬ ಹೆಸರು ನನ್ನದಾಗುತ್ತಿತ್ತು.

ಅಮ್ಮ ತೀರಿಕೊಂಡ ಬಳಿಕ, ಕಳೆದ ಮಾರ್ಚ್‌ನಲ್ಲಿ, ತಂಗಿ ಮೊದಲ ಬಾರಿಗೆ ಇಲ್ಲಿಗೆ ಬಂದಳು. ಒಂದು ರಾತ್ರಿ ಆಕಾಶ ಶುಭ್ರವಾಗಿತ್ತು. ಆಕೆಯ ಜನ್ಮನಕ್ಷತ್ರ ಪುನರ್ವಸು. ಶಾಲು ಹೊದ್ದು ಹಿತ್ತಲಿಗೆ ಬಂದು, ಬಹಳ ಹೊತ್ತು ಕಣ್ಣಿಟ್ಟು ಕ್ಯಾಸ್ಟರನ್ನು ನೋಡಿದಳು. ಯಾವುದು ಯಾವುದನ್ನು ಸುತ್ತುತ್ತದೆ ಅಣ್ಣ ಎಂದು ಕೇಳಿದಳು. ಎರಡೂ ತಮ್ಮ ನಡುವಿನ ಒಂದು ಬಿಂದುವನ್ನು ಸುತ್ತುತ್ತವೆ, ಒಂದು ಸುತ್ತಿಗೆ ನಾಲ್ಕೂವರೆ ಶತಮಾನದಷ್ಟು ಕಾಲ ಬೇಕು ಎಂದು ಹೇಳಿದೆ. ಅನಂತರ, ಬಹಳ ವರ್ಷಗಳಿಂದ ಹೇಳಬೇಕಾಗಿದ್ದ ಬೇರೆ ಕೆಲವು ಮಾತುಗಳನ್ನೂ ಹೇಳಿದೆ.