ಸರದಿಯ ಶಿಸ್ತನ್ನು ಯಂತ್ರಕ್ಕೆ ಕಲಿಸಿದ ಡೈಕ್‌ಸ್ಟ್ರಾ

ಹಾಡು ಕೇಳುತ್ತ ಸಂದೇಶ ಬರೆಯುವಾಗ ನಮ್ಮ ಮೊಬೈಲು ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡುವಂತೆ ತೋರುತ್ತದೆ. ಒಂದೇ ಪ್ರೊಸೆಸರು ಹಲವು ಕೆಲಸಗಳ ನಡುವೆ ಕ್ಷಣಕ್ಷಣಕ್ಕೂ ಹೊರಳುತ್ತಿದ್ದರೂ ನಮಗೆ ಹಾಗೆಯೇ ಭಾಸವಾಗುತ್ತದೆ. ಆ ಹೊರಳಾಟದಲ್ಲಿ ಒಂದು ಕೆಲಸ ಇನ್ನೊಂದನ್ನು ಕೆಡಿಸದಂತೆ ಕಾಯುವ ನಿಯಮಗಳಿಗೆ ತಳಹದಿ ಹಾಕಿದವರಲ್ಲಿ ಪ್ರಮುಖರು ಹಾಲೆಂಡಿನ ಎಡ್ಸ್ಗರ್ ಡೈಕ್‌ಸ್ಟ್ರಾ.

ಅವರು 1930ರ ಮೇ 11ರಂದು ರಾಟರ್‌ಡ್ಯಾಮ್‌ನಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರಜ್ಞರು, ತಾಯಿ ಗಣಿತ ಬಲ್ಲವರು. ಲೈಡನ್‌ನಲ್ಲಿ ಓದುತ್ತಿದ್ದಾಗ 1951ರಲ್ಲಿ ಕೇಂಬ್ರಿಜ್‌ನ ಬೇಸಿಗೆ ತರಗತಿಯಲ್ಲಿ ಪ್ರೋಗ್ರಾಮಿಂಗ್ ಕಲಿತು, ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರವನ್ನು ಸೇರಿದರು. 1957ರಲ್ಲಿ ವಿವಾಹ ನೋಂದಣಿಯ ವೇಳೆ ಪ್ರೋಗ್ರಾಮರ್ ಎಂಬ ವೃತ್ತಿಯನ್ನು ಅಧಿಕಾರಿಗಳು ಒಪ್ಪಲಿಲ್ಲ; ಭೌತವಿಜ್ಞಾನಿಯೆಂದೇ ಬರೆಸಬೇಕಾಯಿತು.

ಅದೇ ಕಾಲಕ್ಕೆ ಎಕ್ಸ್1 ಎಂಬ ಹೊಸ ಯಂತ್ರ ರೂಪುಗೊಳ್ಳುತ್ತಿತ್ತು. ನಿಧಾನಗತಿಯ ಉಪಕರಣಗಳಿಗಾಗಿ ಪ್ರೊಸೆಸರು ಸುಮ್ಮನೆ ಕಾಯಬೇಕಿರಲಿಲ್ಲ. ಉಪಕರಣವೇ ನಡುವೆ ತಡೆದು ಅದರ ಗಮನ ಸೆಳೆಯಬಹುದಿತ್ತು. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಅದರ ಅಪಾಯವನ್ನು ಡೈಕ್‌ಸ್ಟ್ರಾ ಆಗಲೇ ಕಂಡರು. ತಡೆಯುವ ಕ್ಷಣವನ್ನು ಮೊದಲೇ ಹೇಳಲಾಗದು. ಆದ್ದರಿಂದ ಒಮ್ಮೆ ಘಟಿಸಿದ ದೋಷವನ್ನು ಮತ್ತೆ ಘಟಿಸುವಂತೆ ಮಾಡಿ ಪರೀಕ್ಷಿಸುವುದೂ ಕಷ್ಟ. 1959ರ ಅವರ ಪಿಎಚ್.ಡಿ. ಪ್ರಬಂಧ ಈ ಯಂತ್ರವನ್ನೇ ಕುರಿತದ್ದು.

ದೋಷದ ಸ್ವರೂಪವನ್ನು ನೋಡಿ. ಖಾತೆಯಲ್ಲಿ 1000 ರೂಪಾಯಿ ಇದೆ. ಒಂದು ಕೆಲಸ 500, ಇನ್ನೊಂದು 200 ಸೇರಿಸಬೇಕು. ಎರಡೂ 1000ವನ್ನೇ ಓದಿಕೊಂಡರೆ, ಕೊನೆಗೆ ಬರೆದದ್ದು ಮೊದಲಿನದನ್ನು ಅಳಿಸುತ್ತದೆ. 1700ರ ಬದಲು 1200 ಮಾತ್ರ ಉಳಿಯಬಹುದು.

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರಾಧ್ಯಾಪಕರಾದ ಅವರು ಇದಕ್ಕೆ ನೀಡಿದ ಪರಿಹಾರ ಸೆಮಫೋರ್. ಹಳೆಯ ರೈಲುನಿಲ್ದಾಣಗಳಲ್ಲಿ ನಮ್ಮ ಹಿರಿಯರು ಕಂಡ ಕೈಕಂಬದ ಹೆಸರೇ ಅದು. ಒಂಟಿ ಹಳಿಯ ಮೇಲೆ ಒಂದು ಗಾಡಿ ಇರುವಾಗ ಇನ್ನೊಂದು ಹೊರಗೆ ನಿಲ್ಲುವಂತೆ, ಒಂದು ಕೆಲಸ ಖಾತೆಯನ್ನು ಬಿಡುವವರೆಗೆ ಇನ್ನೊಂದು ಕಾಯುತ್ತದೆ.

ಆದರೆ ಕಾಯುವುದರಲ್ಲೂ ತೊಡಕಿದೆ. 1965ರಲ್ಲಿ ಅವರು ಪರೀಕ್ಷೆಗೆಂದು ರೂಪಿಸಿದ ಸಮಸ್ಯೆಯೊಂದು ಮುಂದೆ ಊಟಕ್ಕೆ ಕುಳಿತ ಐವರು ತತ್ತ್ವಜ್ಞಾನಿಗಳ ಕಥೆಯಾಗಿ ಪ್ರಸಿದ್ಧವಾಯಿತು. ದುಂಡುಮೇಜಿನ ಮೇಲೆ ಐದೇ ಮುಳ್ಳುಚಮಚಗಳು. ಉಣ್ಣಲು ಒಬ್ಬೊಬ್ಬರಿಗೂ ಎರಡು ಬೇಕು. ಎಲ್ಲರೂ ಒಮ್ಮೆಗೇ ಎಡಗಡೆಯದನ್ನು ಹಿಡಿದು ಬಲಗಡೆಯದಕ್ಕೆ ಕಾದರೆ ಐವರೂ ಉಪವಾಸ! ಯಾರ ತಪ್ಪೂ ಇಲ್ಲದೆ ಎಲ್ಲವೂ ನಿಂತುಹೋಗುವ ಈ ಸ್ಥಿತಿಗೆ ಡೆಡ್‌ಲಾಕ್ ಎನ್ನುತ್ತಾರೆ.

ಈ ವಿಚಾರಗಳನ್ನು ಅವರು ಕೆಲವೇ ಸಹೋದ್ಯೋಗಿಗಳೊಡನೆ ಎಕ್ಸ್8 ಯಂತ್ರದಲ್ಲಿ ಒಂದು ಕಾರ್ಯಾಚರಣ ವ್ಯವಸ್ಥೆಯಾಗಿ ಕಟ್ಟಿ, 1968ರಲ್ಲಿ ವಿವರಿಸಿದರು. ಅದು ಪದರಪದರವಾಗಿತ್ತು. ಕೆಳಗಿನ ಪದರ ಸರಿಯೆಂದು ಖಚಿತವಾದ ಮೇಲೆಯೇ ಮೇಲಿನದರ ಪರೀಕ್ಷೆ. ಸಿಕ್ಕ ದೋಷಗಳು ಕ್ಷುಲ್ಲಕವಾದವಷ್ಟೇ ಎಂದು ಅವರು ದಾಖಲಿಸಿದ್ದಾರೆ. ದೋಷವನ್ನು ಹುಡುಕಿ ತೆಗೆಯುವುದಕ್ಕಿಂತ ಅದು ಹುಟ್ಟದಂತೆ ಯೋಚಿಸುವುದು ಮೇಲೆಂಬುದು ಅವರ ಜೀವಮಾನದ ನಿಲುವಾಗಿತ್ತು.

1972ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1984ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ಬೋಧಿಸಿದರು. ಕಂಪ್ಯೂಟರಿನ ಈ ಮೇಧಾವಿ ಟಿಪ್ಪಣಿಗಳನ್ನು ಹೆಚ್ಚಾಗಿ ಶಾಯಿ ಪೆನ್ನಿನಲ್ಲೇ ಬರೆದರು. ಕ್ರಮಸಂಖ್ಯೆ ಹೊತ್ತ ಅವು 1300ನ್ನು ಮೀರಿವೆ. 2002ರ ಆಗಸ್ಟ್ 6ರಂದು ನ್ಯೂನೆನ್‌ನಲ್ಲಿ ಅವರು ನಿಧನರಾದರು. ಒಮ್ಮೆ ಸರ್ಕಾರಿ ದಾಖಲೆಯಲ್ಲಿ ಸ್ಥಾನವೇ ಇರದಿದ್ದ ವೃತ್ತಿಯನ್ನು ಅವರು ಶಾಸ್ತ್ರದ ಗೌರವಕ್ಕೆ ಏರಿಸಿ ಹೋಗಿದ್ದರು.