ದೇವರಮನೆ ಗುಡ್ಡ, ಮಂಜು ಮತ್ತು ತೇಜಸ್ವಿ

ಇಂಟರ್ನಲ್ಸ್ ಮುಗಿದ ವಾರ ನಾವು ಆರು ಜನ ಮೂಡಿಗೆರೆ ಕಡೆ ಹೊರಟ್ವಿ. ಪ್ಲಾನ್ ಸಿಂಪಲ್ ಆಗಿತ್ತು. ದೇವರಮನೆ ಗುಡ್ಡ ಹತ್ತೋದು, ಫೋಟೋ ತೆಗೆಯೋದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋದು, ವಾಪಸ್ಸು. ಮೇಲೆ ಹೋದರೆ ಕಂಡಿದ್ದು ಬರೀ ಬಿಳಿ. ಕಾಲಭೈರವೇಶ್ವರನ ದೇವಸ್ಥಾನ ಬಿಟ್ಟು ಹತ್ತು ಹೆಜ್ಜೆ ಮುಂದೆ ಏನಿದೆ ಅಂತ ಕಾಣಿಸ್ತಿರಲಿಲ್ಲ. ರೀಲ್ಸ್ ಮಾಡೋಕೆ ಬಂದಿದ್ದ ಎರಡು ಕಾರಿನವರು ಬೇಜಾರಾಗಿ ಇಳಿದು ಹೋದರು. ನಾವು ಕೂತ್ವಿ. ಕೂರೋಕೆ ಕಾರಣ ಒಂದು ಪುಸ್ತಕ.

ಪುಸ್ತಕ ತಂದಿದ್ದು ನಮ್ಮ ಗುಂಪಿನ ಕಳಸದ ಹುಡುಗ. ಪುಸ್ತಕದ ಹೆಸರು ಕರ್ವಾಲೋ. ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡ್ತೀವಿ. ನಾವು ಆರು ಜನರಲ್ಲಿ ಐದು ಜನ ಇಂಗ್ಲಿಷ್ ಮೀಡಿಯಮ್. ಕನ್ನಡ ಓದೋದು ಅಂದ್ರೆ ನಮಗೆ ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರ್. ಒಂದು ಪೂರ್ತಿ ಕನ್ನಡ ಪುಸ್ತಕ ಓದಿದ್ದು ಅಂತಿದ್ದರೆ ಅದು ಇದೇ, ಅದೂ ಹಾಸ್ಟೆಲ್ಲಿನಲ್ಲಿ ರಾತ್ರಿ ಅವನು ಜೋರಾಗಿ ಓದ್ತಾ ನಾವು ಕೇಳ್ತಾ. ಆಮೇಲೆ ಅದನ್ನು ಬರೆದವರು ಯಾರು ಅಂತ ಹುಡುಕಿಕೊಂಡು ಹೋದ್ವಿ. ಹುಡುಕಿದಷ್ಟೂ ನಮ್ಮ ಓದಿಗೆ ಹತ್ತಿರದ ಮನುಷ್ಯ ಅನ್ನಿಸ್ತಾ ಹೋಯ್ತು. ಅದಕ್ಕೇ ಈ ಸಲದ ಸಂಚಿಕೆಗೆ ಟ್ರಿಪ್ ರಿಪೋರ್ಟ್ ಬದಲು ಅವರ ಬದುಕನ್ನೇ ಬರೀತಿದ್ದೀವಿ.

ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಅಪ್ಪ ಕುವೆಂಪು, ಅಮ್ಮ ಹೇಮಾವತಿ. ಬೆಳೆದಿದ್ದು ಮೈಸೂರಿನ ಉದಯರವಿ ಮನೆಯಲ್ಲಿ. ರಾಷ್ಟ್ರಕವಿಯ ಮಗ ಆಗೋದು ಎಷ್ಟು ಕಷ್ಟ ಅಂತ ಒಂದು ಕ್ಷಣ ಯೋಚನೆ ಮಾಡಿ. ನಮ್ಮ ಕ್ಲಾಸಿನಲ್ಲಿ ಲೆಕ್ಚರರ್ ಮಗ ಒಬ್ಬ ಇದ್ದಾನೆ, ಅವನ ಪಾಡೇ ನೋಡೋಕಾಗಲ್ಲ. ಇವರಿಗೆ ಮೈಸೂರಿನಲ್ಲಿ ಯಾವ ಬೀದಿಗೆ ಹೋದರೂ ಅಪ್ಪನ ಹೆಸರು ಎದುರಿಗೆ ಬರ್ತಿತ್ತು. ಆದರೂ ಅಪ್ಪನ ಮೇಲೆ ಸಿಟ್ಟಿನ ಪುಸ್ತಕ ಬರೆಯಲಿಲ್ಲ. ಎಷ್ಟೋ ವರ್ಷ ಆದ ಮೇಲೆ, 1996ರಲ್ಲಿ, ಅಣ್ಣನ ನೆನಪು ಅಂತ ಬರೆದರು. ಅಪ್ಪನನ್ನ ಅವರು ಕರೀತಿದ್ದಿದ್ದೇ ಅಣ್ಣ ಅಂತ. ಅದರಲ್ಲಿ ಕುವೆಂಪು ಮಹಾಕವಿ ಥರ ಅಲ್ಲ, ಮನೆಯಲ್ಲಿರೋ ಅಪ್ಪನ ಥರ ಓಡಾಡ್ತಾರೆ.

ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದರು. ಆ ಕಾಲಕ್ಕೆ ಕನ್ನಡ ಎಂ.ಎ., ಮೇಲೆ ಕುವೆಂಪು ಮಗ ಅಂದ್ರೆ ಮುಂದಿನ ದಾರಿ ಏನು ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಲೆಕ್ಚರರ್, ರೀಡರ್, ಪ್ರೊಫೆಸರ್. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ಲೇಸ್‌ಮೆಂಟ್ ಕೈಯಲ್ಲೇ ಇತ್ತು. ಅದನ್ನ ಬಿಟ್ಟು ಅವರು ಮೂಡಿಗೆರೆ ಹತ್ತಿರ ಕಾಡಿನಂಚಲ್ಲಿ ಜಾಗ ಮಾಡಿ ಕಾಫಿ ತೋಟ ಶುರು ಮಾಡಿದರು. ತೋಟದ ಹೆಸರು ಚಿತ್ರಕೂಟ. 1966ರಲ್ಲಿ ರಾಜೇಶ್ವರಿಯವರ ಜೊತೆ ಮದುವೆ ಆಗಿದ್ದೂ ಅಲ್ಲೇ, ಪುರೋಹಿತರಿಲ್ಲದೆ, ವರದಕ್ಷಿಣೆ ಇಲ್ಲದೆ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ. ಈಗಲೂ ಕರ್ನಾಟಕದಲ್ಲಿ ಎಷ್ಟೋ ಜನ ಹೀಗೆ ಮದುವೆ ಆಗ್ತಾರೆ.

ಈ ತೋಟದ ಬದುಕನ್ನ ನಾವು ಮೊದಲು ರೊಮ್ಯಾಂಟಿಕ್ ಆಗಿ ಊಹಿಸಿಕೊಂಡಿದ್ವಿ. ಮಂಜು, ಕಾಫಿ, ಕೈಯಲ್ಲಿ ಪೆನ್ನು. ಕಳಸದವನು ನಕ್ಕುಬಿಟ್ಟ. ಕಾಫಿ ಗಿಡ ಹಾಕಿದ ಮೇಲೆ ಸರಿಯಾದ ಫಸಲು ಬರೋಕೆ ಮೂರ್ನಾಲ್ಕು ವರ್ಷ ಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬರಲಿಲ್ಲ ಅಂದ್ರೆ ಆ ವರ್ಷ ಹೋಯ್ತು. ಮಳೆ ಜಾಸ್ತಿ ಆದ್ರೆ ಕೊಳೆರೋಗ. ಅರೇಬಿಕಾ ಆದ್ರೆ ಕಾಂಡ ಕೊರಕ. ಅದರ ಮೇಲೆ ಆಗಿನ ಕಾಲದಲ್ಲಿ ಬೆಳೆದ ಕಾಫಿಯನ್ನ ಬೆಳೆಗಾರ ತಾನೇ ಮಾರೋ ಹಾಗಿರಲಿಲ್ಲ, ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು, ದುಡ್ಡು ಕಂತಿನಲ್ಲಿ ಬರೋದು. ಆ ಪದ್ಧತಿ ಪೂರ್ತಿ ಹೋಗಿದ್ದು 1990ರ ದಶಕದಲ್ಲಿ. ಅಂದ್ರೆ ತೇಜಸ್ವಿ ಕಾಡಿಗೆ ಬಂದಿದ್ದು ಆರಾಮಕ್ಕಲ್ಲ. ಲೋಹಿಯಾ ವಿಚಾರಗಳನ್ನ ತಲೆಗೆ ಹಚ್ಚಿಕೊಂಡು, ಗೆಳೆಯರಾದ ಕಡಿದಾಳ್ ಶಾಮಣ್ಣ, ರಾಮದಾಸ್ ಜೊತೆ ಸಮಾಜವಾದಿ ಚಳವಳಿ, ರೈತ ಚಳವಳಿ ಅಂತ ಓಡಾಡಿದ್ದೂ ಇದರ ಜೊತೆಗೇ ನಡೀತು.

ಬರವಣಿಗೆಯಲ್ಲೂ ಹಾಗೇ. ಆಗ ಎಲ್ಲರೂ ನವ್ಯ ಬರೀತಿದ್ದರು, ಇವರೂ ಶುರುವಿನಲ್ಲಿ ಬರೆದರು. ಆಮೇಲೆ 1973ರ ಅಬಚೂರಿನ ಪೋಸ್ಟಾಫೀಸು ಸಂಕಲನದ ಮುನ್ನುಡಿಯಲ್ಲಿ ಆ ದಾರಿ ತನಗೆ ಸಾಕಾಯ್ತು, ಹೊಸ ದಿಗಂತ ಬೇಕು ಅಂತ ಬಹಿರಂಗವಾಗಿ ಬರೆದುಬಿಟ್ಟರು. ಅಲ್ಲಿಂದ ಮುಂದೆ ಅವರ ಕತೆಗಳಲ್ಲಿ ಬಂದವರು ಸುತ್ತಮುತ್ತ ಕಾಣೋ ಜನ. ಪೆನ್ಶನ್‌ಗೆ ಅಲೆದು ಅಲೆದು ಸುಸ್ತಾಗೋ ತಬರ, ಗಂಡಸರನ್ನ ಬೆವರಿಳಿಸೋ ಕಿರಗೂರಿನ ಹೆಂಗಸರು, ಜೇನು ಕೀಳೋ ಮಂದಣ್ಣ. ಚಿದಂಬರ ರಹಸ್ಯಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಪತ್ತೇದಾರಿ ಕಾದಂಬರಿ ಥರ ಶುರುವಾಗುತ್ತೆ, ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ತನಿಖೆಯಿಂದ. ಜುಗಾರಿ ಕ್ರಾಸ್ ಅಂತೂ ಬಸ್ಸಿನಲ್ಲಿ ಓದಬೇಡಿ, ಸ್ಟಾಪ್ ಮಿಸ್ ಆಗುತ್ತೆ. ಡೇರ್‌ಡೆವಿಲ್ ಮುಸ್ತಫಾ ಸಿನಿಮಾ ನಮ್ಮ ಕಾಲೇಜಿನಲ್ಲಿ ಬಹಳ ಜನ ನೋಡಿದ್ದೀರಿ. ಅದೂ ಅವರ ಕತೆಯೇ, ದುಡ್ಡು ಹಾಕಿದವರು ಅವರ ಓದುಗರು.

ಆದರೆ ನಮಗೆ ಅವರು ಹತ್ತಿರ ಆಗಿದ್ದು ಸಾಹಿತ್ಯದಿಂದ ಮಾತ್ರ ಅಲ್ಲ. ಮನುಷ್ಯನಿಗೆ ಎಲ್ಲದರ ಮೇಲೂ ಕುತೂಹಲ. ಸಿತಾರ್ ನುಡಿಸ್ತಿದ್ದರು, ಚಿತ್ರ ಬರೀತಿದ್ದರು, ಸ್ಕೂಟರಿನಲ್ಲಿ ಕಾಡು ಸುತ್ತೋರು, ಮೀನಿಗೆ ಗಾಳ ಹಾಕೋ ಹುಚ್ಚು ಬೇರೆ. (ಹೇಮಾವತಿ ನದಿ ಹುಟ್ಟೋದು ಇದೇ ಮೂಡಿಗೆರೆ ತಾಲ್ಲೂಕಿನಲ್ಲಿ. ಅಮ್ಮನ ಹೆಸರಿನ ನದಿಯ ಪಕ್ಕಕ್ಕೇ ಮಗ ಬಂದು ನೆಲೆಸಿದ ಹಾಗಾಯ್ತು.) ಹಕ್ಕಿಗಳ ಫೋಟೋ ತೆಗೆದರು. ಡಿಜಿಟಲ್ ಅಲ್ಲ, ಫಿಲ್ಮ್. ಒಂದು ರೋಲಿಗೆ 36 ಚಿತ್ರ, ಸರಿ ಬಂತೋ ಇಲ್ವೋ ಗೊತ್ತಾಗೋದು ತೊಳೆಸಿದ ಮೇಲೆ. ಹಕ್ಕಿ ಹೆದರದ ಹಾಗೆ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರಬೇಕು. ನಾವು ದೇವರಮನೆಯಲ್ಲಿ ನಲವತ್ತು ನಿಮಿಷ ಕೂತಿದ್ದಕ್ಕೇ ಮೂರು ಜನ ಗೊಣಗೋಕೆ ಶುರು ಮಾಡಿದ್ದರು. ಇದರ ಜೊತೆಗೆ ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳನ್ನ ಕನ್ನಡಕ್ಕೆ ತಂದರು, ಫುಕುವೋಕಾನ ಸಹಜ ಕೃಷಿಯನ್ನ ಪರಿಚಯಿಸಿದರು, ಮಿಲೆನಿಯಮ್ ಸರಣಿಯಲ್ಲಿ ಯುದ್ಧ, ಸಾಗರ, ಸಾಹಸ ಅಂತ ಲೋಕದ ಸುದ್ದಿಯನ್ನೆಲ್ಲ ಬರೆದರು.

ಈಗ ಕಂಪ್ಯೂಟರ್ ಸೈನ್ಸಿನವರು ಸ್ವಲ್ಪ ಕಿವಿ ಕೊಡಿ. ತೇಜಸ್ವಿಗೆ ವಯಸ್ಸಾದ ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಅನ್ನೋದು ದೊಡ್ಡ ಗೋಜಲಾಗಿತ್ತು. ಒಂದು ಬೈಟಿಗೆ 256 ಜಾಗ. ಅದರಲ್ಲಿ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ತುಂಡುಗಳನ್ನ ಒಬ್ಬೊಬ್ಬ ತಯಾರಕ ಒಂದೊಂದು ಕಡೆ ಕೂರಿಸಿದ್ದ. ಹಾಗಾಗಿ ಒಂದು ತಂತ್ರಾಂಶದಲ್ಲಿ ಬರೆದ ಲೇಖನ ಇನ್ನೊಂದರಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಆಫೀಸು, ಪ್ರೆಸ್ಸುಗಳಿಗೆ ಅದು ಬರೋಕೆ ಬಹಳ ವರ್ಷ ಹಿಡೀತು. ಬೇರೆ ಸಾಹಿತಿಗಳು ಭಾಷೆ ಉಳಿಸಿ ಅಂತ ಭಾಷಣ ಮಾಡೋ ಹೊತ್ತಲ್ಲಿ ಇವರು ಹಿಡಿದುಕೊಂಡಿದ್ದು ಈ ಸಮಸ್ಯೆಯನ್ನ. ಕಂಪ್ಯೂಟರಿನಲ್ಲಿ ಬಾರದ ಭಾಷೆಗೆ ಮುಂದೆ ಜಾಗ ಇರಲ್ಲ ಅನ್ನೋದು ಅವರಿಗೆ ಗೊತ್ತಾಗಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಇವತ್ತು ನೀವು ಈ ಲೇಖನವನ್ನ ಮೊಬೈಲಿನಲ್ಲಿ ಓದ್ತಿದ್ದೀರಲ್ಲ, ಅಕ್ಷರ ಒಡೆಯದೆ ಬರ್ತಿದೆಯಲ್ಲ, ಅದಕ್ಕೆ ಯಾರೋ ಜಗಳ ಆಡಿದ್ದರು ಅಂತ ನಮಗೆ ಗೊತ್ತೇ ಇರಲಿಲ್ಲ. ನಮ್ಮ ಸಿಲಬಸ್ಸಿನಲ್ಲಿ ಎನ್‌ಕೋಡಿಂಗ್ ಬಂತು, ಎರಡು ಮಾರ್ಕಿನ ಪ್ರಶ್ನೆಯಾಗಿ.

2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ನಿರುತ್ತರದಲ್ಲಿ ಹೃದಯಾಘಾತದಿಂದ ತೀರಿಕೊಂಡರು. 68 ವರ್ಷ. ನಮ್ಮಲ್ಲಿ ಕೆಲವರು ಹುಟ್ಟಿದ್ದೇ ಆ ಹೊತ್ತಿಗೆ. ಈಗ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ, ಚಾರ್ಮಾಡಿ ಘಾಟಿ ಇಳಿಯೋ ಮುಂಚೆ ನೋಡಬಹುದು.

ಮತ್ತೆ ಗುಡ್ಡಕ್ಕೆ ಬರ್ತೀವಿ. 1980ರ ಕರ್ವಾಲೋ ಓದದೇ ಇರೋರು ಈ ಪ್ಯಾರಾ ಹಾರಿಸಿ. ಒಬ್ಬ ವಿಜ್ಞಾನಿ, ಒಬ್ಬ ತೋಟದವನು, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ ಎಲ್ಲ ಸೇರಿ ಲಕ್ಷಾಂತರ ವರ್ಷ ಹಳೆಯ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗ್ತಾರೆ. ಸಿಗುತ್ತೆ. ಸಿಕ್ಕಿದ್ದು ಕೊನೆಗೆ ಘಟ್ಟದ ಅಂಚಿನಿಂದ ಪ್ರಪಾತದ ಮೇಲೆ ತೇಲಿಕೊಂಡು ಹೋಗಿಬಿಡುತ್ತೆ. ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಹಾರುವ ಓತಿ ಇದೆ, ಅಡಿಕೆ ತೋಟಗಳಲ್ಲೂ ಕಾಣುತ್ತೆ. ಅದು ರೆಕ್ಕೆ ಬಡಿಯಲ್ಲ. ಉದ್ದನೆಯ ಪಕ್ಕೆಲುಬುಗಳ ಮೇಲೆ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ಗ್ಲೈಡ್ ಆಗುತ್ತೆ. ಮೆಕ್ಯಾನಿಕಲ್‌ನವಳು ಲಿಫ್ಟ್, ಡ್ರ್ಯಾಗ್ ಅಂತ ಶುರು ಮಾಡಿದಳು, ನಾವು ತಡೆದ್ವಿ.

ಐವತ್ತನೇ ನಿಮಿಷಕ್ಕೋ ಏನೋ ಮಂಜು ಸರಿಯಿತು. ಕೆಳಗೆ ಪೂರ್ತಿ ಕಣಿವೆ, ಒಂದರ ಹಿಂದೆ ಒಂದು ಗುಡ್ಡ. ಯಾರೂ ಮೊಬೈಲ್ ತೆಗೆಯೋ ಮೊದಲೇ ಮುಚ್ಚಿಕೊಳ್ತು. ಆಗ ಕಳಸದವನು ಒಂದು ವಿಷಯ ಹೇಳಿದ. ಅವರ ಮನೆಯ ನಾಲ್ಕು ಎಕರೆ ತೋಟ ನೋಡೋಕೆ ಜನ ಬರ್ತಿದ್ದಾರೆ. ಹೋಮ್‌ಸ್ಟೇ ಮಾಡೋಕಂತೆ. ಕೆಲಸಕ್ಕೆ ಆಳು ಸಿಗಲ್ಲ, ಅಪ್ಪನಿಗೆ ಮಂಡಿ ನೋವು, ಮಗ ಹೇಗೂ ಎಂಜಿನಿಯರ್ ಆಗಿ ಬೆಂಗಳೂರಿಗೆ ಹೋಗ್ತಾನೆ, ಇಟ್ಟುಕೊಂಡು ಏನು ಮಾಡೋದು ಅನ್ನೋದು ಅಪ್ಪನ ಲೆಕ್ಕ. ಲೆಕ್ಕ ತಪ್ಪು ಅಂತ ನಮಗೆ ಯಾರಿಗೂ ಹೇಳೋಕಾಗಲಿಲ್ಲ. ತೇಜಸ್ವಿ ಕಾಡಿಗೆ ಬಂದಾಗ ಅವರ ಹಿಂದೆ ಕುವೆಂಪು ಇದ್ದರು ಅಂತ ಒಬ್ಬ ಅಂದ. ಅದೂ ನಿಜವೇ. ಸೋತಿದ್ದರೆ ವಾಪಸ್ ಹೋಗೋಕೆ ಉದಯರವಿ ಇತ್ತು. ಇವನಿಗೆ ಆ ನಾಲ್ಕು ಎಕರೆಯೇ ಎಲ್ಲ.

ಅವನು ಮಾರೋದು ಬೇಡ ಅಂತಾನೂ ಅನ್ನಲಿಲ್ಲ, ಬೇಕು ಅಂತಾನೂ ಅನ್ನಲಿಲ್ಲ. ಈ ವರ್ಷದ ಕಾಫಿ ಕೊಯ್ಲಿಗೆ ಮಾತ್ರ ಮನೆಗೆ ಹೋಗ್ಲೇಬೇಕು, ಎರಡು ವಾರ ಅಟೆಂಡೆನ್ಸ್ ಹೋಗುತ್ತೆ ಅಂದ. ಕೊಯ್ಯೋಕೆ ನಾವೂ ಬರ್ತೀವಿ ಅಂದ್ವಿ. ನಮ್ಮಲ್ಲಿ ಯಾರಿಗೂ ಕಾಫಿ ಕೊಯ್ಯೋಕೆ ಬರಲ್ಲ, ಹಸಿರು ಕಾಯಿ ಕಿತ್ತರೆ ಅಪ್ಪ ಬೈತಾರೆ ಅಂತ ಈಗಲೇ ಹೆದರಿಸಿದ್ದಾನೆ. ಕೊಟ್ಟಿಗೆಹಾರಕ್ಕೆ ಇಳಿದಾಗ ಮೂರು ಗಂಟೆ ದಾಟಿತ್ತು, ನೀರುದೋಸೆ ಖಾಲಿಯಾಗಿತ್ತು.