ಬ್ಯಾರನ್ ಫಿಲಿಪ್ ಮತ್ತು ಮೂತೋಂ ದ್ರಾಕ್ಷಿತೋಟ

ಫ್ರಾನ್ಸಿನ ಬೋರ್ಡೋ ಸೀಮೆಯ ಮೂತೋಂ ದ್ರಾಕ್ಷಿತೋಟದ ಹೊಣೆಯನ್ನು 1922ರಲ್ಲಿ ಹೊತ್ತಾಗ ಬ್ಯಾರನ್ ಫಿಲಿಪ್ ದ ರಾಥ್‌ಚೈಲ್ಡ್ (1902–1988) ಅವರಿಗೆ ಇಪ್ಪತ್ತು ವರ್ಷ. ಮುತ್ತಜ್ಜ ನಥಾನಿಯೆಲ್ 1853ರಲ್ಲಿ ಕೊಂಡಿದ್ದ ತೋಟವದು. 1855ರ ಶ್ರೇಣೀಕರಣದಲ್ಲಿ ಅದಕ್ಕೆ ದ್ವಿತೀಯ ದರ್ಜೆಯಷ್ಟೇ ದೊರೆತಿತ್ತು; ಫಿಲಿಪ್ ಅದನ್ನೆಂದೂ ಒಪ್ಪಲಿಲ್ಲ.

ಅಂದು ವೈನು ಪೀಪಾಯಿಗಳಲ್ಲಿಯೇ ವರ್ತಕರ ಕೈಸೇರುತ್ತಿತ್ತು. 1924ರ ಫಸಲಿನಿಂದ ಅವರು ಅದನ್ನೆಲ್ಲ ತೋಟದಲ್ಲಿಯೇ ಸೀಸೆಗೆ ತುಂಬಿಸತೊಡಗಿದರು. ಪ್ರಥಮ ದರ್ಜೆ ಲಭಿಸಿದ್ದು 1973ರಲ್ಲಿ, ಕೃಷಿ ಸಚಿವ ಜಾಕ್ ಶಿರಾಕ್ ಅವರ ಸಹಿಯೊಂದಿಗೆ. ಆ ಪಟ್ಟಿಯಲ್ಲಿ ಹೀಗೆ ಬಡ್ತಿ ಪಡೆದ ತೋಟ ಇದೊಂದೇ.

ನನ್ನ ಮನಸ್ಸು ನಿಲ್ಲುವುದು ಮಾತ್ರ 1945ರ ಸೀಸೆಯ ಬಳಿ. ಅದರ ಲೇಬಲ್ಲಿನ ಮೇಲೆ ಫಿಲಿಪ್ ವಿಜಯಸೂಚಕವಾದ ‘ವಿ’ ಅಕ್ಷರವನ್ನು ಬರೆಸಿದರು. ಅದೇ ವರ್ಷ ಪತ್ನಿ ಎಲಿಜಬೆತ್ ರಾವೆನ್ಸ್‌ಬ್ರೂಕ್‌ನ ನಾಜಿ ಶಿಬಿರದಲ್ಲಿ ಅಸುನೀಗಿದ್ದರು. ಆ ಸೀಸೆಯ ಬೆಲೆ ಹೇಳುವವರನ್ನು ಬಹಳ ಕಂಡಿದ್ದೇನೆ. ಆಕೆಯ ಹೆಸರು ಹೇಳಿದವರನ್ನು ಕಂಡಿಲ್ಲ.